ಕೊಳದ ನೀರು ನಿಂತ ಗೆರೆ

ಸೋಮವಾರ ಬೆಳಿಗ್ಗೆ ಫೋನು ಮಾಡಿದ ಹೆಂಗಸು ಹೆಸರು ಹೇಳುವ ಮೊದಲೇ, ‘ನಮ್ಮ ಕೊಳದ ಮೀನುಗಳ ಬೆನ್ನು ಕಾಣಿಸುತ್ತಿದೆ’ ಎಂದಳು. ಸಿಯಾಟಲ್‌ನ ದಕ್ಷಿಣಕ್ಕೆ, ಗುಡ್ಡದ ಮೇಲಿರುವ ಚೀನೀ ಉದ್ಯಾನವೊಂದರ ಮ್ಯಾನೇಜರ್ ಆಕೆ. ನನ್ನ ಕೆಲಸ ಸೋರಿಕೆ ಹುಡುಕುವುದು. ಟಕ್ವಿಲಾದ ಗೋದಾಮುಗಳ ನಡುವೆ ನಮ್ಮದೊಂದು ಸಣ್ಣ ಕಚೇರಿ. ಬೇಸ್‌ಮೆಂಟಿಗೆ ನುಗ್ಗುವ ನೀರು, ಈಜುಕೊಳದ ಬಿರುಕು, ಮಾಲ್‌ಗಳ ಹಿಂದಿನ ಮಳೆನೀರಿನ ಹೊಂಡ, ಇಂಥವೇ ನಮ್ಮ ಪಾಲಿಗೆ ಬರುವುದು. ಮೀನಿನ ಬೆನ್ನಿನ ವಿಚಾರಕ್ಕೆ ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ.

‘ಶನಿವಾರ ನಮ್ಮ ಚಂದ್ರನ ಹಬ್ಬ. ಹುಣ್ಣಿಮೆ ಚಂದ್ರ ನೀರಲ್ಲಿ ಕಾಣಬೇಕು. ನೀರೇ ಇಲ್ಲದಿದ್ದರೆ ಜನಕ್ಕೆ ನಾನು ಕೆಸರು ತೋರಿಸಲಾ?’ ಎಂದು ಕೇಳಿದಳು. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಉದ್ಯಾನದ ಹೆಸರು ನನಗೆ ಹೊಸದಲ್ಲ. ಮೈಸೂರಿನಿಂದ ಬಂದಿದ್ದ ನನ್ನ ಅಕ್ಕನ ಮಗಳು ಒಂದು ತಿಂಗಳಿಂದ ಅದರ ಜಪ ಮಾಡುತ್ತಿದ್ದಳು. ಓದು ಮುಗಿಸಿ, ಕೆಲಸಕ್ಕೆ ಸೇರುವ ಮೊದಲು ಒಂದಷ್ಟು ಊರು ನೋಡಬೇಕೆಂದು ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಹೊರಟವಳು. ವಾರದಲ್ಲಿ ಎರಡು ದಿನ ಕರ್ಕ್‌ಲ್ಯಾಂಡಿನ ನಮ್ಮ ಮನೆಯಲ್ಲಿ, ಉಳಿದ ದಿನ ಊರೊಳಗಿನ ಹಾಸ್ಟೆಲ್ಲಿನಲ್ಲಿ ತನ್ನಂಥದೇ ತಿರುಗಾಟದ ಗೆಳೆಯರ ಜೊತೆ. ಸಂಜೆಯಾದರೆ ಎಲ್ಲರೂ ಬಸ್ಸು ಹತ್ತಿ ಆ ಗುಡ್ಡಕ್ಕೆ ಹೋಗುತ್ತಿದ್ದರು. ಅಷ್ಟು ದೂರ ಬಂದು ಒಂದು ಕೊಳದ ಸುತ್ತ ಕೂರುವುದೇನು ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ಉದ್ಯಾನದೊಳಗೆ ಕಾಲಿಟ್ಟಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಾಗಿಲು ದಾಟಿದರೆ ಎದುರಿಗೇ ಒಂದು ಬಿಳಿ ಗೋಡೆ. ಅದನ್ನು ಬಳಸಿ ಹೋದರೆ ಕಿಟಕಿಯಿಂದ ಕೊಳದ ಒಂದು ತುಂಡು ಕಾಣುತ್ತದೆ, ಆದರೆ ದಾರಿ ಬೇರೆ ಕಡೆಗೆ ತಿರುಗುತ್ತದೆ. ಕೊಳ ದಾಟುವ ಸೇತುವೆಯೂ ನೆಟ್ಟಗಿಲ್ಲ, ಅಂಕುಡೊಂಕು. ಪಂಪು ಮತ್ತು ಪೈಪುಗಳ ಪೆಟ್ಟಿಗೆ ಹೊತ್ತುಕೊಂಡು ನಡೆಯುವವಳಿಗೆ ಇದು ಶಿಕ್ಷೆ. ‘ನೆಟ್ಟಗೆ ಒಂದು ದಾರಿ ಮಾಡೋಕೆ ಏನಾಗಿತ್ತು ನಿಮಗೆ?’ ಎಂದೆ. ಮ್ಯಾನೇಜರ್ ನಕ್ಕು, ‘ಉದ್ಯಾನ ನಡೆಸುವ ಸಮಿತಿಯ ಹಿರಿಯರೂ ಇಂಥದೇ ಮಾತು ಹೇಳಿದ್ದರು. ಈಗಿನ ಹುಡುಗರಿಗೆ ಇಷ್ಟು ತಾಳ್ಮೆ ಇಲ್ಲ, ಯಾರೂ ಬರುವುದಿಲ್ಲ ಅಂತ’ ಎಂದಳು.

ಆಕೆಗೆ ಮೂವತ್ತೈದರ ಆಸುಪಾಸು. ಅಮೆರಿಕದಲ್ಲೇ ಹುಟ್ಟಿದ ಚೀನೀ ಹೆಂಗಸು. ಆ ಬೇಸಿಗೆಯಲ್ಲಿ ಹಟ ಹಿಡಿದು ಒಂದು ಪ್ರಯೋಗ ಮಾಡಿದ್ದಳು. ಸಂಜೆ ಮಾಮೂಲಿ ಹೊತ್ತಿಗೆ ಬಾಗಿಲು ಹಾಕದೆ, ಕತ್ತಲಾಗುವವರೆಗೆ ತಿರುಗಾಟದ ಹುಡುಗ ಹುಡುಗಿಯರಿಗೆ ಪುಕ್ಕಟೆಯಾಗಿ ಬಿಡುವುದು. ಗೈಡ್ ಇಲ್ಲ, ಭಾಷಣ ಇಲ್ಲ. ಬಾಗಿಲ ಹತ್ತಿರ ಕಾಗದದ ಲೋಟದಲ್ಲಿ ಚಹಾ. ಅಷ್ಟೇ. ಹಾಸ್ಟೆಲ್ಲುಗಳಲ್ಲಿ ಸುದ್ದಿ ಹರಡಿ, ಹಗಲಿನಲ್ಲಿ ಬಿಕೋ ಎನ್ನುವ ಜಾಗ ಸಂಜೆ ತುಂಬತೊಡಗಿತ್ತು. ಸಮಿತಿಯ ಅಧ್ಯಕ್ಷರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಬಂಡೆಯ ಮೇಲೆ ಕಾಲು ಚಾಚಿ ಕೂರುವವರು, ನೀರಲ್ಲಿ ಪಾದ ಬಿಡುವವರು, ಇವರಿಂದ ಏನಾದರೂ ಹಾಳಾದರೆ ಸಂಜೆಯ ಬಾಗಿಲೂ ಮುಚ್ಚುತ್ತದೆ, ಆಕೆಯ ಕೆಲಸವೂ ಹೋಗುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದರಂತೆ. ‘ಈಗ ಕೊಳ ಸೋರುತ್ತಿದೆ. ಹುಡುಗರೇ ಕಾರಣ ಅಂತ ಅವರು ಆಗಲೇ ತೀರ್ಮಾನ ಮಾಡಿಯಾಗಿದೆ. ನೀವು ಕಾರಣ ಹುಡುಕಿ’ ಎಂದಳು.

ಮೊದಲು ಕೊಳಕ್ಕೆ ತಾನಾಗಿ ನೀರು ತುಂಬುವ ವಾಲ್ವ್ ಮುಚ್ಚಿದೆ. ನಮ್ಮ ಊರಿನ ಓವರ್‌ಹೆಡ್ ಟ್ಯಾಂಕಿನಲ್ಲಿರುವಂತೆ ಅಲ್ಲೂ ಒಂದು ತೇಲುವ ಚೆಂಡು. ನೀರು ಇಳಿದಷ್ಟೂ ಅದು ಸದ್ದಿಲ್ಲದೆ ತುಂಬಿಸುತ್ತಿತ್ತು. ಹಿಂದಿನ ವಾರಾಂತ್ಯದಲ್ಲಿ ಅದು ಕೆಟ್ಟು ನಿಂತದ್ದರಿಂದ ಸೋರಿಕೆ ಬಯಲಾಯಿತು. ಅಂದರೆ ಸೋರಿಕೆ ಶುರುವಾಗಿ ಎಷ್ಟು ದಿನವಾಗಿದೆಯೋ ಯಾರಿಗೂ ಗೊತ್ತಿಲ್ಲ. ಆಮೇಲೆ ಸಣ್ಣ ಜಲಪಾತದ ಪಂಪು ನಿಲ್ಲಿಸಿದೆ. ಪೈಪಿನಲ್ಲಿ ತೊಂದರೆಯಿದ್ದರೆ ಪಂಪು ನಿಂತ ಮೇಲೆ ನೀರು ಇಳಿಯಬಾರದು. ಕೊಳದ ಮೆಟ್ಟಿಲ ಮೇಲೆ ಕೊಳದ್ದೇ ನೀರು ತುಂಬಿದ ಬಕೆಟ್ ಇಟ್ಟೆ. ಬಿಸಿಲಿಗೆ ಆರುವ ನೀರು ಎರಡರಲ್ಲೂ ಒಂದೇ ಅಳತೆಯಲ್ಲಿ ಆರುತ್ತದೆ, ಹೆಚ್ಚಿಗೆ ಇಳಿದದ್ದು ಸೋರಿಕೆ. ಸೇತುವೆಯ ಕಂಬಕ್ಕೆ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಮರುದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ಕೂದಲೆಳೆಯಷ್ಟು ಇಳಿದಿತ್ತು. ಕೊಳದಲ್ಲಿ ನಾಲ್ಕು ಬೆರಳು. ಇಷ್ಟು ದೊಡ್ಡ ಕೊಳದಲ್ಲಿ ನಾಲ್ಕು ಬೆರಳೆಂದರೆ ಸಣ್ಣ ಮಾತಲ್ಲ. ನಾನು ಗೆರೆಯನ್ನು ಎರಡೆರಡು ಸಲ ನೋಡಿದೆ. ಮ್ಯಾನೇಜರ್ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

ಕೊಳದ ತಳಕ್ಕೆ ದಪ್ಪನೆಯ ರಬ್ಬರ್ ಹಾಳೆ ಹಾಸಿದ್ದರು. ಅದರ ಅಂಚನ್ನು ದಡದ ಬಂಡೆಗಳ ಹಿಂದೆ ಮೇಲಕ್ಕೆ ಎತ್ತಿ ಮಡಚಿ ಮಣ್ಣು ಮುಚ್ಚಿದ್ದರು. ದಡದುದ್ದಕ್ಕೂ ತೂತುತೂತಾದ ವಿಚಿತ್ರ ಬಂಡೆಗಳು. ಚೀನೀಯರಿಗೆ ಅದೇ ಚಂದವಂತೆ, ತೂತು ಹೆಚ್ಚಿದಷ್ಟೂ ಬೆಲೆ. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಆಗಸ್ಟಿನ ಕೊನೆಯಲ್ಲಷ್ಟೇ ಬಂದದ್ದು. ಅಧ್ಯಕ್ಷರು ತೀರಿಹೋದ ಹೆಂಡತಿಯ ನೆನಪಿಗೆ ತರಿಸಿ, ಕ್ರೇನಿನಲ್ಲಿ ಇಳಿಸಿ ನಿಲ್ಲಿಸಿದ್ದರು. ಬುಡದಲ್ಲಿ ಆಕೆಯ ಹೆಸರು ಚೀನೀ ಅಕ್ಷರದಲ್ಲಿತ್ತು. ಅದಕ್ಕೆ ಯಾರೋ ಬಿಳಿ ಸೇವಂತಿಗೆ ಇಟ್ಟಿದ್ದರು.

ಮಂಗಳವಾರ ಊಟಕ್ಕೆ ಕೂತಾಗ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಚಪಾತಿ ಮುರಿಯುವುದನ್ನು ನಿಲ್ಲಿಸಿದಳು.

‘ಅಂದ್ರೆ ಸಂಜೆ ಕ್ಲೋಸ್ ಮಾಡ್ಬಿಡ್ತಾರಾ ಚಿಕ್ಕಮ್ಮ?’

‘ಹುಡುಗ್ರು ಹಾಳು ಮಾಡಿದ್ದು ಅಂತಾದ್ರೆ ಮಾಡ್ತಾರೆ. ಅಲ್ಲ ಕಣೇ, ಏನಿದೆ ಅಂತ ದಿನಾ ಹೋಗ್ತೀರಾ ಅಲ್ಲಿಗೆ?’

‘ಬೇರೆ ಕಡೆಯೆಲ್ಲಾ ವ್ಯೂ ಪಾಯಿಂಟ್ ಅಂತ ಬೋರ್ಡ್ ಇರತ್ತೆ. ಹೋಗು, ಫೋಟೋ ತೆಗಿ, ಮುಗೀತು. ಇಲ್ಲಿ ಎಲ್ಲಾನೂ ಒಂದೇ ಸಲಕ್ಕೆ ತೋರ್ಸಲ್ಲ. ಸ್ವಲ್ಪ ನಡೀಬೇಕು, ಆಮೇಲೆ ಇನ್ನೊಂಚೂರು ಕಾಣತ್ತೆ. ಎರಡು ತಿಂಗಳಿಂದ ಎಲ್ಲಾ ಊರಲ್ಲೂ ಓಡ್ತಾನೇ ಇದೀನಿ ನಾನು. ಅಲ್ಲಿ ಓಡೋಕೇ ಆಗಲ್ಲ.’ ಆಮೇಲೆ, ‘ನಾಳೆ ನಾನೂ ಬರ್ತೀನಿ ನಿನ್ ಜೊತೆ’ ಎಂದಳು. ಟೇಪು ಹಿಡಿಯಲು ಒಂದು ಕೈ ಸಿಕ್ಕಿತೆಂದು ನನಗೆ ಖುಷಿಯೇ ಆಯಿತು.

ಬುಧವಾರ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಎರಡು ರಾತ್ರಿ ಪಂಪು ನಿಂತಿದ್ದರಿಂದ ಕೆಸರೆಲ್ಲ ತಳಕ್ಕಿಳಿದು ನೀರು ತಿಳಿಯಾಗಿತ್ತು. ಗೆರೆ ನೋಡಿದೆ. ಮೊದಲ ರಾತ್ರಿ ನಾಲ್ಕು ಬೆರಳು ಇಳಿದಿದ್ದ ನೀರು ಎರಡನೆಯ ರಾತ್ರಿ ಎರಡೇ ಬೆರಳು ಇಳಿದಿತ್ತು. ಇಳಿಯುವ ವೇಗ ಕಡಿಮೆಯಾಗುತ್ತಿದೆ ಎಂದು ಬರೆದುಕೊಳ್ಳುತ್ತಿದ್ದಾಗಲೇ ಅಧ್ಯಕ್ಷರು ಇಬ್ಬರು ಸದಸ್ಯರೊಂದಿಗೆ ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಬೆನ್ನು ನೆಟ್ಟಗೆ. ಜೀವಮಾನವಿಡೀ ಹಾರ್ಡ್‌ವೇರ್ ಅಂಗಡಿ ನಡೆಸಿ ಮೊಳೆ, ಬೀಗ, ನಲ್ಲಿ ಮಾರಿದವರು. ಸೇತುವೆಯ ಮಧ್ಯದ ತಿರುವಿಗೆ ಬಂದವರು ಬಗ್ಗಿ ನೀರಿನೊಳಗೆ ದಿಟ್ಟಿಸಿದರು. ‘ಅದೇನು?’ ಎಂದರು.

ಆ ತಿರುವಿನ ಕೆಳಗೆ, ಕೊಳದ ಅತಿ ಆಳದ ಜಾಗದಲ್ಲಿ, ಬೂದು ಬಣ್ಣದ ಮುದ್ದೆಗಳು ಸಾಲಾಗಿ ಕೂತಿದ್ದವು. ಮಾಲಿ ಉದ್ದ ಕೋಲಿನ ಬಲೆ ತಂದು ಒಂದನ್ನು ಎತ್ತಿದ. ಮೊದಲು ಕಂಡದ್ದು ದೊಡ್ಡ ಹೊಟ್ಟೆ. ಆಮೇಲೆ ಅಗಲದ ಕಿವಿ. ಆಮೇಲೆ ಎಡಕ್ಕೆ ತಿರುಗಿದ ಸೊಂಡಿಲು.

ಪೈಪಿನೊಳಗೆ ಸತ್ತ ಇಲಿ ಕಂಡಿದ್ದೇನೆ, ಈಜುಕೊಳದ ತಳದಲ್ಲಿ ಯಾರದೋ ಹಲ್ಲಿನ ಸೆಟ್ಟು ಕಂಡಿದ್ದೇನೆ. ಚೀನೀ ಕೊಳದಿಂದ ಗಣಪತಿ ಎದ್ದು ಬರುವುದನ್ನು ನೋಡುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು. ಒಂದಕ್ಕೆ ಸೊಂಡಿಲೇ ಇರಲಿಲ್ಲ, ಬೆಕ್ಕಿನಂತಿತ್ತು. ಇನ್ನೊಂದಕ್ಕೆ ಟೋಪಿಯಿತ್ತು. ಕೊನೆಗೆ ಬಲೆ ಭಾರವಾಗಿ ಮೇಲೆ ಬಂದದ್ದು ನೀರು ಕುಡಿದು ಮುಳುಗಿದ್ದ ಒಂದು ಹಲಗೆ. ಗೋದಾಮುಗಳಲ್ಲಿ ಸಾಮಾನು ಪೇರಿಸುವ ಮರದ ಪ್ಯಾಲೆಟ್ಟಿನಿಂದ ಮುರಿದು ತೆಗೆದದ್ದು. ಗಣಪತಿ ಕೂರಿಸಲು ಮಣೆ. ಅದರ ತುಂಬ ಮೊಳೆಗಳು ಹೊರಕ್ಕೆ ಚಾಚಿಕೊಂಡಿದ್ದವು.

ಅಧ್ಯಕ್ಷರು ಒಂದು ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ‘ಇಂಥ ಮೊಳೆ ನಾನು ಡಬ್ಬಗಟ್ಟಲೆ ಮಾರಿದ್ದೇನೆ. ರಬ್ಬರ್ ಹಾಳೆಗೆ ಇದು ಒಂದೇ ಸಾಕು’ ಎಂದರು. ‘ಈ ಗೊಂಬೆಗಳು ಯಾರವು?’

ಇವು ನಮ್ಮ ಜನರವು ಎಂದು ಹೇಳುವುದು ಹೇಗೆ ಎಂದು ಮಾತು ಹುಡುಕುತ್ತಿದ್ದೆ. ನಮ್ಮವರು ತುಂಬಿರುವ ಬೆಲ್‌ವ್ಯೂ ಕಡೆಯ ಯಾವುದೋ ಸಂಸಾರ ಇರಬೇಕು ಎಂದು ಮನಸ್ಸಿನಲ್ಲೇ ಯಾರ್ಯಾರನ್ನೋ ಬೈದುಕೊಳ್ಳುತ್ತಿದ್ದೆ. ಆಗ ನನ್ನ ಬೆನ್ನ ಹಿಂದಿನಿಂದ ದನಿ ಬಂತು.

‘ನಮ್ಮವು. ನಾನೇ ಎಲ್ಲರನ್ನೂ ಕರೆದುಕೊಂಡು ಬಂದದ್ದು’ ಎಂದಳು ಹುಡುಗಿ.

ತಿರುಗಿ ನೋಡಿದರೆ ಅವಳು ನನ್ನ ಅಳತೆ ಟೇಪನ್ನು ಸುತ್ತಿ ಮುಚ್ಚುತ್ತಿದ್ದಳು.

‘ಈ ಹುಡುಗಿ ನಿಮಗೇನಾಗಬೇಕು?’ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

‘ನನ್ನ ಅಕ್ಕನ ಮಗಳು.’

ಅವರು ದನಿ ಏರಿಸಲಿಲ್ಲ. ಇವತ್ತಿನಿಂದ ಸಂಜೆಯ ಬಾಗಿಲು ಬಂದ್ ಎಂದರು. ಮಧ್ಯಾಹ್ನದೊಳಗೆ ಕೊಳವನ್ನು ಪೂರ್ತಿ ಖಾಲಿ ಮಾಡಿಸಿ ತಳಕ್ಕೆ ತೇಪೆ ಹಾಕಿ ಎಂದು ನನಗೆ ಹೇಳಿದರು. ಮ್ಯಾನೇಜರ್ ಕಡೆ ತಿರುಗಿ, ‘ಹಬ್ಬ ಮುಗಿದ ಮೇಲೆ ನಾವು ಮಾತಾಡೋಣ’ ಎಂದರು. ಆ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಕೆ ಹುಡುಗಿಯನ್ನು ಒಮ್ಮೆ ನೋಡಿದಳು. ಬೈಯುವ ನೋಟವಲ್ಲ. ಬೈದಿದ್ದರೇ ವಾಸಿಯಿತ್ತು.

ಹುಡುಗಿಯನ್ನು ಗೋಡೆಯ ಆಚೆಗೆ ಎಳೆದುಕೊಂಡು ಹೋದೆ.

‘ಏನೇ ಇದು? ನಿನ್ನೆ ನಾನು ಅಷ್ಟು ಹೇಳ್ದಾಗ್ಲೂ ಸುಮ್ನೆ ಇದ್ಯಲ್ಲೇ.’

‘ಮಣ್ಣಿಂದಲ್ವಾ ಚಿಕ್ಕಮ್ಮ, ಕರ್ಗೋಗಿರತ್ತೆ ಅಂದ್ಕೊಂಡಿದ್ದೆ. ಕರಗಿಲ್ದೇ ಇದ್ರೆ ಅಂತ ಭಯ ಆಯ್ತು, ಅದಕ್ಕೇ ಇವತ್ತು ನಿನ್ ಜೊತೆ ಬಂದೆ.’

‘ಅದು ಕ್ರಾಫ್ಟ್ ಅಂಗಡಿ ಮಣ್ಣು ಕಣೇ. ಅದ್ರಲ್ಲಿ ನಾರು ಹಾಕಿರ್ತಾರೆ. ಒಣಗಿದ್ರೆ ಕಲ್ಲು.’

‘ನಂಗೇನ್ ಗೊತ್ತು. ಹಾಸ್ಟೆಲ್‌ನಲ್ಲಿ ಎಲ್ರೂ ಒಂದೊಂದು ಮಾಡಿದ್ರು. ಆ ಬ್ರೆಜಿಲ್ ಹುಡುಗಂಗೆ ಸೊಂಡಿಲು ಮಾಡೋಕೇ ಬರ್ಲಿಲ್ಲ. ಬಕೆಟ್‌ನಲ್ಲಿ ಬಿಡೋಣ ಅಂದ್ರೆ ನಂಗೆ ಅಳು ಬಂತು. ಇಲ್ಲಿ ಮಂಟಪ, ಮೆಟ್ಲು, ತಾವರೆ, ಮೀನು, ಎಲ್ಲಾ ನಮ್ ಕಲ್ಯಾಣಿ ಥರಾನೇ ಇದೆ. ಬೇರೆ ಎಲ್ಲಿ ಬಿಡ್ಲಿ ಹೇಳು?’

ಬಾಯಿಗೆ ಬಂದದ್ದು ನನ್ನ ಅಮ್ಮ ಕೇಳುತ್ತಿದ್ದ ಪ್ರಶ್ನೆ. ‘ಚೌತಿ ಚಂದ್ರನ್ನ ನೋಡಿದ್ಯಾ?’

‘ಎಲ್ರೂ ನೋಡಿದ್ವಿ. ನೀರಲ್ಲೂ ನೋಡಿದ್ವಿ’ ಎಂದು ಮೂಗೊರೆಸಿಕೊಂಡಳು.

ಇಂಥದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಪವಾದ ಎಂಬ ಮಾತು ತಲೆಯಲ್ಲಿ ಸುಳಿದಾಗ ಒಂದು ಯೋಚನೆ ಬಂತು. ಹಲಗೆ ಸಿಕ್ಕಿದ್ದು ಕೊಳದ ಅತಿ ಆಳದಲ್ಲಿ. ತಳದಲ್ಲಿ ತೂತಾಗಿದ್ದರೆ ನೀರು ದಿನವೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಇಳಿಯಬೇಕಿತ್ತು. ಮೇಲಿನ ನಾಲ್ಕಾರು ಬೆರಳು ನೀರು ಹೋದರೆ ಅಷ್ಟು ಆಳದ ತೂತಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಇಲ್ಲಿ ಎರಡನೆಯ ರಾತ್ರಿ ಇಳಿತ ಅರ್ಧಕ್ಕೆ ಬಂದಿತ್ತು. ಅಂದರೆ ನೀರು ಇಳಿಯುತ್ತಾ ತೂತಿನ ಮಟ್ಟಕ್ಕೆ ಹತ್ತಿರವಾಗುತ್ತಿದೆ. ತೂತು ಇರುವುದು ಮೇಲೆ, ದಡದ ಹತ್ತಿರ ಎಲ್ಲೋ. ಈ ಹೊತ್ತಿನಲ್ಲಿ ಪಂಪು ಹಾಕಿ ಕೊಳ ಖಾಲಿ ಮಾಡಿಬಿಟ್ಟರೆ ಆ ಸುಳಿವೂ ನೀರಿನೊಂದಿಗೇ ಹೋಗುತ್ತದೆ.

ಹಿಂದಿರುಗಿ ಅಧ್ಯಕ್ಷರಿಗೆ ಇದನ್ನು ವಿವರಿಸಿ, ಇನ್ನೊಂದು ರಾತ್ರಿ ಕೊಡಿ ಎಂದು ಕೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ‘ನೀವು ನಿಮ್ಮ ಮಗುವನ್ನು ಉಳಿಸಲು ನೋಡುತ್ತಿದ್ದೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ’ ಎಂದರು.

ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಲೆಕ್ಕ ತಪ್ಪು ಎಂದವರಿದ್ದಾರೆ, ನನ್ನ ಅಳತೆ ಸುಳ್ಳು ಎಂದವರಿರಲಿಲ್ಲ. ಸಿಟ್ಟಿನಲ್ಲಿ ಪೆಟ್ಟಿಗೆ ಮುಚ್ಚಿ ಹೊರಟುಬಿಡಬಹುದಿತ್ತು. ಒಂದು ಕ್ಷಣ ಹಾಗೇ ಅನ್ನಿಸಿತು ಕೂಡ. ಆದರೆ ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ನನ್ನ ಅಕ್ಕನ ಮಗಳ ತಲೆಯ ಮೇಲೆ ಬಂದದ್ದನ್ನು ನಾನೇ ಅಳೆದು ನಾನೇ ಅಲ್ಲವೆಂದರೆ ಯಾರು ನಂಬಬೇಕು? ಟೇಪು, ಪೆನ್ಸಿಲು ಎರಡನ್ನೂ ಅವರ ಮುಂದೆ ಹಿಡಿದೆ.

‘ನಾನು ಇನ್ನು ಈ ನೀರನ್ನು ಮುಟ್ಟುವುದಿಲ್ಲ. ಗೆರೆ ನೀವೇ ಎಳೆಯಿರಿ. ಬಾಗಿಲಿಗೆ ಬೀಗ ಹಾಕಿ ಕೀಲಿ ನೀವೇ ಇಟ್ಟುಕೊಳ್ಳಿ. ಬೆಳಿಗ್ಗೆ ನೀವೇ ನೋಡಿ. ನೀರು ಗೆರೆಗಿಂತ ಕೆಳಗೆ ಇಳಿಯುತ್ತಲೇ ಇದ್ದರೆ ತೂತು ತಳದಲ್ಲಿದೆ, ಹುಡುಗಿಯದೇ ತಪ್ಪು, ನಾನೇ ನಿಂತು ಪಂಪು ಹಾಕಿಸುತ್ತೇನೆ.’

ಅವರು ನನ್ನ ಪೆನ್ಸಿಲನ್ನು ತೆಗೆದುಕೊಳ್ಳಲಿಲ್ಲ. ಅಂಗಿಯ ಜೇಬಿನಿಂದ ತಮ್ಮದೇ ಬಡಗಿ ಪೆನ್ಸಿಲು ತೆಗೆದು, ಸಂಜೆ ಎಲ್ಲರೂ ಹೋದ ಮೇಲೆ ಗೆರೆ ಎಳೆಯುತ್ತೇನೆ ಎಂದರು. ಮಾಲಿಯಿಂದ ಇನ್ನೊಂದು ಬಕೆಟ್ ತರಿಸಿ ಅದರಲ್ಲೂ ನೀರು ತುಂಬಿಸಿಕೊಂಡರು. ಒಂದನ್ನೇ ನಂಬುವ ಮನುಷ್ಯನಲ್ಲ ಎಂದು ನನಗೆ ಅಷ್ಟರ ಮಟ್ಟಿಗೆ ಸಮಾಧಾನವಾಯಿತು.

ಗುರುವಾರ ನಾನು ಬೇಗನೆ ಹೋದೆ. ಅವರು ನನಗಿಂತ ಮೊದಲೇ ಬಂದು, ಸೇತುವೆಯ ಮೇಲೆ ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿ ಕಂಬವನ್ನೇ ನೋಡುತ್ತಿದ್ದರು. ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದಳು.

‘ನಿಂತಿದೆ’ ಎಂದರು. ನಂಬಿಕೆ ಬಾರದವರಂತೆ ಎರಡು ಬಕೆಟ್ಟುಗಳನ್ನೂ ಬಗ್ಗಿ ನೋಡಿದರು. ಬಕೆಟ್ಟಿನಲ್ಲಿ ಎಷ್ಟು ಆರಿತ್ತೋ ಕೊಳದಲ್ಲೂ ಅಷ್ಟೇ.

ನಾನೂ ಬಗ್ಗಿ ಗೆರೆ ನೋಡಿದೆ. ಗಣಪತಿಗಳು ಕೂತಿದ್ದ ಜಾಗದ ಮೇಲೆ ಇನ್ನೂ ಎದೆಮಟ್ಟದ ನೀರಿತ್ತು. ತಳದಲ್ಲಿ ತೂತಿಲ್ಲ. ಇನ್ನು ಉಳಿದ ಕೆಲಸ ಸುಲಭ. ನೀರು ಎಲ್ಲಿ ನಿಂತಿದೆಯೋ ಅದೇ ಗೆರೆಯಲ್ಲಿ ದಡವನ್ನು ಸುತ್ತಬೇಕು. ಅಡುಗೆಯ ಕೆಂಪು ಬಣ್ಣವನ್ನು ಮೂತಿಯಿರುವ ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು, ಬಂಡೆಯ ಸಂದುಗಳ ಹತ್ತಿರ ಒಂದೊಂದೇ ತೊಟ್ಟು ಬಿಡಬೇಕು. ನೀರು ಕದಲದಿದ್ದರೆ ಬಣ್ಣ ಅಲ್ಲೇ ಹೊಗೆಯಂತೆ ನಿಲ್ಲುತ್ತದೆ. ತೂತಿದ್ದರೆ ಅದರ ಕಡೆಗೆ ಎಳೆಯುತ್ತದೆ. ನೀರು ನಿಂತಂತೆ ಕಂಡರೂ ಆ ಮಟ್ಟದಲ್ಲಿ ಇನ್ನೂ ಒಂದಿಷ್ಟು ಜಿನುಗುತ್ತಿರುತ್ತದೆ, ಆದ್ದರಿಂದ ತಡಮಾಡುವಂತಿಲ್ಲ.

ಬಾಟಲಿ ತೆಗೆದ ಕೂಡಲೇ ಅಧ್ಯಕ್ಷರು ಕೈ ಚಾಚಿದರು. ‘ನೀವೇ ಹೇಳಿದಿರಿ, ನೀವು ಮುಟ್ಟುವುದಿಲ್ಲ ಅಂತ.’

ಮಂಟಪದ ಕಡೆಯಿಂದ ಶುರು ಮಾಡಿದೆವು. ಬಣ್ಣ ನಿಂತಿತು. ಹುಡುಗರು ಕೂರುತ್ತಿದ್ದ ಚಪ್ಪಟೆ ಬಂಡೆಗಳ ಹತ್ತಿರ ಅಧ್ಯಕ್ಷರು ಒಂದರ ಮೇಲೊಂದು ತೊಟ್ಟು ಬಿಟ್ಟರು. ಅಲ್ಲೂ ನಿಂತಿತು. ಮ್ಯಾನೇಜರ್ ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು. ಜಲಪಾತದ ಬುಡ, ಮೆಟ್ಟಿಲು, ತಾವರೆಯ ಮೂಲೆ, ಎಲ್ಲೂ ಇಲ್ಲ. ಸುತ್ತಿ ಸುತ್ತಿ ಕೊನೆಗೆ ಎತ್ತರದ ಆ ಹೊಸ ಬಂಡೆಯ ಬಳಿ ಬಂದೆವು. ಸೇವಂತಿಗೆ ಬಾಡಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು, ಒಂದು ಕೈಯನ್ನು ಬಂಡೆಯ ಮೇಲೆ ಊರಿ, ಬಗ್ಗಿ ಬಣ್ಣ ಬಿಟ್ಟರು.

ಬಣ್ಣ ನಿಲ್ಲಲಿಲ್ಲ. ಸಣ್ಣ ದಾರದಂತೆ ಉದ್ದವಾಗಿ, ಬಾಗಿ, ಹೆಸರು ಕೆತ್ತಿದ್ದ ಜಾಗದ ಕೆಳಗೆ ನುಸುಳಿ ಮಾಯವಾಯಿತು.

ಇನ್ನೊಂದು ತೊಟ್ಟು ಬಿಟ್ಟರು. ಅದೂ ಒಳಗೆ ಹೋಯಿತು. ಮತ್ತೊಂದು. ಬಾಟಲಿ ಖಾಲಿಯಾಗುವವರೆಗೂ ಹಿಂಡಿದರು. ಮ್ಯಾನೇಜರ್ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗೆದ್ದೆವೆಂಬ ಭಾವನೆ ಅವಳಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ಹೀಗಾಗುತ್ತದೆಂದು ಗೊತ್ತಿದ್ದರೆ ಬಾಟಲಿಯನ್ನು ಆ ಮುದುಕರ ಕೈಗೆ ಕೊಡುತ್ತಿರಲಿಲ್ಲ.

‘ಕೊಳದ ಅಂಚಿಗೇ ಇರಬೇಕು ಅಂತ ಹಟ ಹಿಡಿದವನು ನಾನು. ಅವಳಿಗೆ ನೀರು ಇಷ್ಟ’ ಎಂದರು. ಆಮೇಲೆ, ‘ಕಲ್ಲನ್ನು ಎತ್ತದೆ ಸರಿ ಮಾಡಲು ಬರುತ್ತದೆಯೇ?’ ಎಂದು ಕೇಳಿದರು.

ಬರುವುದಿಲ್ಲ ಎಂದೆ. ಕಲ್ಲಿನ ಭಾರಕ್ಕೆ ಕೆಳಗಿನ ಮಣ್ಣು ಕುಸಿದಿದೆ, ಹಾಳೆಯ ಅಂಚು ಅದರೊಂದಿಗೆ ಕೆಳಗೆ ಜಾರಿದೆ, ನೀರು ಅದರ ಮೇಲಿಂದ ಹಿಂದಕ್ಕೆ ಸುರಿಯುತ್ತಿದೆ. ಕಲ್ಲು ಅಲ್ಲೇ ಇದ್ದರೆ ಎಷ್ಟು ಸಲ ಅಂಚು ಎತ್ತಿ ಕಟ್ಟಿದರೂ ಮತ್ತೆ ಜಾರುತ್ತದೆ. ಸುತ್ತಿ ಬಳಸಿ ಹೇಳುವ ಕಲೆ ನನಗಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ತಲೆಯಾಡಿಸಿ, ಖಾಲಿ ಬಾಟಲಿಯನ್ನು ಜೇಬಿಗಿಟ್ಟುಕೊಂಡು, ಅಂಕುಡೊಂಕು ಸೇತುವೆಯ ಮೇಲೆ ನಿಧಾನವಾಗಿ ನಡೆದು ಹೋದರು.

ಶುಕ್ರವಾರ ಬೆಳಿಗ್ಗೆ ಕ್ರೇನು ಬಂತು. ಹುಡುಗಿಯೂ ಬಂದಿದ್ದಳು. ಸೋರಿಕೆ ಅವಳಿಂದಲ್ಲ ಎಂದು ಗೊತ್ತಾದ ಮೇಲೂ ಅವಳ ಮುಖ ಅರಳಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಪೋರ್ಟ್‌ಲ್ಯಾಂಡಿಗೆ ಹೊರಡುತ್ತೇನೆ, ಅದಕ್ಕೆ ಮೊದಲು ಮ್ಯಾನೇಜರ್ ಹತ್ತಿರ ಕ್ಷಮೆ ಕೇಳಬೇಕು ಎಂದು ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಬಂದಿದ್ದಳು. ಮ್ಯಾನೇಜರ್ ಅವಳಿಗೆ ಚಹಾ ಕೊಟ್ಟಳು, ಆದರೆ ಮಾತು ಹೆಚ್ಚು ಆಡಲಿಲ್ಲ. ಸಂಜೆಯ ವಿಷಯದಲ್ಲಿ ಅಧ್ಯಕ್ಷರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಸೋರಿಕೆ ಬೇರೆಯಾದರೂ ಕೊಳಕ್ಕೆ ಗೊಂಬೆ, ಮೊಳೆ ಹಾಕಿದ್ದು ನಿಜವೇ ಅಲ್ಲವೇ? ಬಾಗಿಲ ಪಕ್ಕದಲ್ಲಿದ್ದ ‘ಸಂಜೆ ತೆರೆದಿದೆ’ ಎಂಬ ಬೋರ್ಡನ್ನು ಬುಧವಾರವೇ ತೆಗೆದು ಒಳಗಿಟ್ಟಿದ್ದರು.

ಬೆಲ್ಟು ಬಿಗಿದು ಕಲ್ಲನ್ನು ಮೇಲೆತ್ತಿದಾಗ ಅದರ ಕೆಳಗಿನ ಮಣ್ಣು ನೆನೆದು ಹಿಟ್ಟಿನಂತಾಗಿತ್ತು. ಹಾಳೆಯ ಅಂಚು ಕಾಗದ ಮುದುಡಿದಂತೆ ಕೆಳಗೆ ಒತ್ತಿಹೋಗಿತ್ತು, ಒಂದು ಕಡೆ ಸೀಳಿಯೂ ಇತ್ತು. ನಾನು ಮೊಣಕಾಲೂರಿ ಕೆಸರು ಬಳಿದು, ಹಾಳೆಯನ್ನು ಒರೆಸಿ ಒಣಗಿಸಿ, ಅಂಟು ಬಳಿದು, ಮೇಲೆ ತೇಪೆಯಿಟ್ಟು ರೋಲರಿನಿಂದ ಒತ್ತತೊಡಗಿದೆ. ಕೈ ಕೆಲಸ ಮಾಡುತ್ತಿದ್ದರೂ ಕಿವಿ ಮೇಲೆಯೇ ಇತ್ತು. ಕಲ್ಲು ಇನ್ನೂ ಬೆಲ್ಟಿನಲ್ಲೇ ನೇತಾಡುತ್ತಿತ್ತು. ಕ್ರೇನಿನವನು ಎರಡನೆಯ ಸಲ ಕೂಗಿದ, ‘ಇದನ್ನು ಎಲ್ಲಿ ಇಳಿಸಲಿ?’

ಅಧ್ಯಕ್ಷರು ಸುತ್ತ ನೋಡಿದರು. ಅವರಿಗೆ ಜಾಗವೇ ಹೊಳೆಯುತ್ತಿರಲಿಲ್ಲ. ಕೊಳದ ಅಂಚು ಬಿಟ್ಟು ಬೇರೆಲ್ಲೂ ಆ ಕಲ್ಲನ್ನು ಅವರು ಕಲ್ಪಿಸಿಕೊಂಡೇ ಇರಲಿಲ್ಲ ಎಂದು ಕಾಣುತ್ತದೆ. ಸದಸ್ಯರೊಬ್ಬರು ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಸದ್ಯಕ್ಕೆ ಇಡೋಣ ಎಂದರು. ಅಧ್ಯಕ್ಷರು ನೇರವಾಗಿ, ಬಾಗಿಲ ಹತ್ತಿರ ಬ್ಯಾಗು ಹೊತ್ತು ನಿಂತಿದ್ದ ಹುಡುಗಿಯ ಮುಂದೆ ಹೋಗಿ ನಿಂತರು. ನನ್ನ ಕೈಯ ರೋಲರ್ ನಿಂತಿತು. ಎಲ್ಲರೆದುರು ಬೈಯುತ್ತಾರೆ ಎಂದೇ ತಿಳಿದೆ.

‘ನೀನು ದಿನವೂ ಬರುತ್ತಿದ್ದೆಯಂತೆ. ಎಲ್ಲಿ ಕೂರುತ್ತಿದ್ದೆ?’ ಎಂದು ಕೇಳಿದರು.

ಹುಡುಗಿ ಗಾಬರಿಯಿಂದ ನನ್ನ ಕಡೆ ನೋಡಿದಳು. ಆಮೇಲೆ ಮುಂದೆ ನಡೆದಳು, ನಾವೆಲ್ಲ ಹಿಂಬಾಲಿಸಿದೆವು. ಗುಂಡನೆಯ ಬಾಗಿಲು ದಾಟಿದರೆ ಬಿದಿರಿನ ಒಂದು ಸಣ್ಣ ಅಂಗಳ. ಮೂರು ಕಡೆ ಬಿಳಿ ಗೋಡೆ. ಅಲ್ಲಿಂದ ಕೊಳ ಕಾಣುವುದಿಲ್ಲ. ಗೋಡೆಯ ಆಚೆಯಿಂದ ಜಲಪಾತದ ಸದ್ದು ಮಾತ್ರ ಕೇಳುತ್ತದೆ. ನಾಲ್ಕು ದಿನ ಆ ಉದ್ಯಾನದಲ್ಲಿ ಅಲೆದಾಡಿದ್ದ ನನ್ನ ಕಣ್ಣಿಗೆ ಆ ಅಂಗಳ ಬಿದ್ದೇ ಇರಲಿಲ್ಲ.

‘ಇಲ್ಲಿ’ ಎಂದಳು. ‘ಇಲ್ಲಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಒಬ್ಬಳೇ ಇದ್ದೇನೆ ಅಂತಲೂ ಅನ್ನಿಸುವುದಿಲ್ಲ. ಸಂಜೆ ನಾವು ಜಾಗಕ್ಕೆ ಜಗಳವಾಡುತ್ತಿದ್ದೆವು.’

ಅವರು ಅಂಗಳದ ಮಧ್ಯದಲ್ಲಿ ನಿಂತು, ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡರು. ಜಲಪಾತದ ಪಂಪು ಅವತ್ತೂ ನಿಂತೇ ಇತ್ತು, ಕೇಳಲು ಏನೂ ಇರಲಿಲ್ಲ. ಆದರೂ ಕೇಳಿಸಿಕೊಂಡರು. ಆಮೇಲೆ ಹೊರಗೆ ಬಂದು ಕ್ರೇನಿನವನಿಗೆ ಗೋಡೆಯ ಮೇಲಿಂದ ಒಳಗಿಳಿಸುವಂತೆ ಕೈ ತೋರಿಸಿದರು. ಕಲ್ಲು ಬಿದಿರಿನ ನಡುವೆ ಇಳಿದು ನಿಂತು, ಬೆಲ್ಟು ಸಡಿಲವಾಗುವವರೆಗೂ ತಲೆಯ ಟೋಪಿಯನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡಿದ್ದರು.

ಮ್ಯಾನೇಜರ್ ಮುಂದೆ ಬಂದಾಗ ಟೋಪಿ ಹಾಕಿಕೊಂಡರು.

‘ಆ ಬೋರ್ಡು ಎಲ್ಲಿಟ್ಟಿದ್ದೀರಿ? ಮತ್ತೆ ಹೊರಗಿಡಿ’ ಎಂದರು. ‘ಸಂಜೆ ಬಾಗಿಲು ಹಾಕಿಬಿಟ್ಟರೆ ಅವಳ ಹತ್ತಿರ ಬಂದು ಕೂರುವವರು ಯಾರು?’